ಕುಕ್ಕರ್ ರಬ್ಬರ್ ಹಾಕುವ ಕೈಗೆ ಮೆಷಿನ್ ರಬ್ಬರ್ ಯಾಕೆ ಭಾರ?

ದಾವಣಗೆರೆ: ಕುಕ್ಕರ್ ಸೀಟಿ ಹೊಡೆಯದೆ ಬದಿಯಲ್ಲಿ ಬುಸುಗುಟ್ಟಿದರೆ ಈ ಊರಿನ ಯಾವ ಹೆಣ್ಣುಮಗಳೂ ಕಂಪನಿಗೆ ಫೋನ್ ಮಾಡುವುದಿಲ್ಲ. ಪೇಟೆಯ ಪಾತ್ರೆ ಅಂಗಡಿಗೆ ಹೋಗಿ ‘ಐದು ಲೀಟರ್ ಕುಕ್ಕರಿಂದು ಒಂದು ರಬ್ಬರ್ ಕೊಡ್ರಿ’ ಅಂತಾಳೆ. ತಂದು ಮುಚ್ಚಳಕ್ಕೆ ಸಿಕ್ಕಿಸುತ್ತಾಳೆ. ಅನ್ನ ಆಗುತ್ತದೆ. ಅಷ್ಟೇ ಕಥೆ.

ಅದೇ ಮನೆಯ ಬಚ್ಚಲ ಪಕ್ಕ ನಿಂತಿರುವ, ಮುಂದೆ ಗಾಜಿನ ಬಾಗಿಲಿನ ಬಟ್ಟೆ ಒಗೆಯುವ ಮೆಷಿನ್, ಕಂಪನಿ ಭಾಷೆಯಲ್ಲಿ ಫ್ರಂಟ್ ಲೋಡ್, ಒಂದು ಲೋಟ ನೀರು ಕಾರಿತೋ, ಮನೆಗೆ ಮನೆಯೇ ಸೂತಕ ಹಿಡಿದಂತೆ ಕೂರುತ್ತದೆ. ಯಜಮಾನರು ವಾರಂಟಿ ಕಾರ್ಡ್ ಹುಡುಕುತ್ತಾರೆ. ಅದು ಸಿಗುವುದಿಲ್ಲ. ಟೋಲ್ ಫ್ರೀ ನಂಬರಿಗೆ ಫೋನ್ ಹಚ್ಚಿದರೆ ಅದಕ್ಕೆ ಒಂದು ಒತ್ತಿ, ಇದಕ್ಕೆ ಎರಡು ಒತ್ತಿ ಎಂದು ಒತ್ತಿಸಿಕೊಂಡೇ ಹತ್ತು ನಿಮಿಷ. ನಾಲ್ಕನೇ ದಿನ ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಹುಡುಗನೊಬ್ಬ ಬರುತ್ತಾನೆ. ಬಗ್ಗಿ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ಹೊಡೆದು, ‘ಗ್ಯಾಸ್ಕೆಟ್ ಹೋಗೈತಿ, ಆರ್ಡರ್ ಹಾಕ್ಬೇಕು’ ಎಂದು ಹೇಳಿ, ಬಂದ ಚಾರ್ಜು ಈಸಿಕೊಂಡು ಹೋಗುತ್ತಾನೆ. ಅಲ್ಲಿಂದ ಹದಿನೈದು ದಿನ ಮನೆ ಮಂದಿಯ ಬಟ್ಟೆಯೆಲ್ಲ ಬಕೆಟ್ಟಿನಲ್ಲಿ.

ಗ್ಯಾಸ್ಕೆಟ್ ಅಂದರೆ ಏನು ಮಹಾ? ಅದೂ ರಬ್ಬರೇ. ಕುಕ್ಕರಿನದು ಸಪೂರ ಬಳೆ. ಮೆಷಿನ್ನಿನದು ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುವ ದಪ್ಪ ಬಳೆ. ಒಂದು ಅಂಚು ಮುಂದಿನ ತಗಡಿಗೆ, ಇನ್ನೊಂದು ಅಂಚು ಒಳಗಿನ ತೊಟ್ಟಿಗೆ. ತೊಟ್ಟಿ ಅಲ್ಲಾಡಿದಾಗ ತಾನೂ ಅಲ್ಲಾಡಿ ನೀರು ಹೊರಗೆ ಬಾರದಂತೆ ನೋಡಿಕೊಳ್ಳುವುದು ಅದರ ಕೆಲಸ. ಇದರಲ್ಲಿ ಕರೆಂಟಿಲ್ಲ, ಕಂಪ್ಯೂಟರಿಲ್ಲ, ಮಂತ್ರ ಮಾಟ ಏನೂ ಇಲ್ಲ.

ಇದು ಎಂಥ ಊರು? ಹತ್ತಿ ಗಿರಣಿಗಳ ದೆಸೆಯಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ಊರು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆ ಲೇತ್ ಮೆಷಿನ್ ಮಾಡಿಕೊಟ್ಟಿತು. ಹಳೆಯ ಗಿರಣಿಗಳು ಬಾಗಿಲು ಹಾಕಿದವು, ಆ ಕಾರ್ಖಾನೆಯೂ ಈಗಿಲ್ಲ. ಆದರೆ ಅಲ್ಲಿ ಕೈಗೆ ಎಣ್ಣೆ ಹತ್ತಿಸಿಕೊಂಡು ಕಬ್ಬಿಣ ಕಡೆದವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಇದ್ದಾರಲ್ಲ. ಅವರು ಒಂದು ರಬ್ಬರ್ ಬಳೆಗೆ ಹೆದರಿ ಕೂತಿದ್ದಾರೆಂದರೆ ನಗಬೇಕೋ ಅಳಬೇಕೋ ತಿಳಿಯದು.

ಹೆದರಿಕೆ ಪುಕ್ಕಟೆ ಬರುವುದಿಲ್ಲ. ಹೊಸ ಮೆಷಿನ್ನಿಗೆ ಇಪ್ಪತ್ತೈದು ಸಾವಿರದ ಆಜುಬಾಜು ಎಣಿಸಬೇಕು, ಕಂತಿನ ಮೇಲೆ ತಂದವರು ಅದನ್ನು ತಿಂಗಳು ತಿಂಗಳು ಎಣಿಸುತ್ತಲೇ ಇರುತ್ತಾರೆ. ದುಡ್ಡಿಗಿಂತ ದೊಡ್ಡದು ನೀರಿನ ಲೆಕ್ಕ. ನಲ್ಲಿ ನೀರು ಬಂದ ದಿನ ತುಂಬಿಟ್ಟುಕೊಂಡು, ಉಳಿದ ದಿನ ಬೋರ್‌ವೆಲ್ಲಿನ ಬಾಯಿಗೆ ಬೀಳುವ ಮನೆಗಳು ಈ ಊರಲ್ಲಿ ಎಷ್ಟಿಲ್ಲ? ಮುಂಬಾಗಿಲ ಮೆಷಿನ್ ಒಂದು ಸಲದ ಬಟ್ಟೆಯನ್ನು ಸುಮಾರು 50 ಲೀಟರಿನಲ್ಲಿ ಒಗೆದು ಮುಗಿಸುತ್ತದೆ, ಮೇಲೆ ಬಾಯಿರುವುದಕ್ಕೆ ಅದರ ಎರಡು ಪಟ್ಟು ಬೇಕು ಎಂದೇ ಅಲ್ಲವೇ ಜನ ನಾಲ್ಕು ಕಾಸು ಜಾಸ್ತಿ ಕೊಟ್ಟು ಇದನ್ನು ತಂದದ್ದು! ಈಗ ಅದೇ ಸೋರುತ್ತಿದೆ. ಸೆಕೆಂಡಿಗೆ ಒಂದೇ ಹನಿ ಅಂದರೂ ದಿನಕ್ಕೆ 86,400 ಹನಿ. ಕಡಿಮೆಯೆಂದರೂ ನಾಲ್ಕು ಲೀಟರು ನೀರು ಸುಮ್ಮನೆ ಬಚ್ಚಲು ಪಾಲು.

ಮೆಕ್ಯಾನಿಕ್ಕುಗಳು ಯಾರಿಗೂ ಬಿಟ್ಟುಕೊಡದ ಗುಟ್ಟೊಂದಿದೆ. ಎಲ್ಲಿ ಸೋರುತ್ತದೆ ಎನ್ನುವುದಕ್ಕಿಂತ ಮೊದಲು ಯಾವಾಗ ಸೋರುತ್ತದೆ ಎಂದು ನೋಡಬೇಕು. ನೀರು ಬಲು ಕಳ್ಳ. ಹಿಂದಿನ ಪೈಪಿನಲ್ಲಿ ಹುಟ್ಟಿದ ಹನಿ ತಗಡಿನ ಅಂಚು ಹಿಡಿದು ಬಂದು ಮುಂದಿನ ಕಾಲಿನ ಹತ್ತಿರ ಬೀಳುತ್ತದೆ. ಅಲ್ಲಿಂದ ನೆಲದ ಇಳಿಜಾರು ಎಲ್ಲಿಗೆ ಕರೆದೊಯ್ದರೆ ಅಲ್ಲಿಗೆ. ನೀರು ನಿಂತ ಜಾಗ ನೋಡಿ ರೋಗ ಹೇಳಿದವನು ನೆಲದ ರೋಗ ಹೇಳಿದ ಅಷ್ಟೇ, ಮೆಷಿನ್ನಿನದ್ದಲ್ಲ. ಅದಕ್ಕೇ ಮೊದಲು ಸುತ್ತ ನೆಲ ಒರೆಸಿ ಒಣಗಿಸಿ, ಮೆಷಿನ್ನಿನ ಅಡಿಗೆ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಹಳೇ ಪತ್ರಿಕೆ ತಳ್ಳಬೇಕು. ನಿನ್ನೆಯ ಸಂಜೆ ಪತ್ರಿಕೆಯಾದರೂ ನಡೆದೀತು. ಸುದ್ದಿ ಹಳಸಿದರೂ ಕಾಗದ ನೀರು ಕುಡಿಯುವುದನ್ನು ಬಿಡುವುದಿಲ್ಲ. ಆಮೇಲೆ ಬಟ್ಟೆ ಹಾಕದೆ ಚಿಕ್ಕದೊಂದು ಸುತ್ತು ಓಡಿಸಿ, ಸ್ಟೂಲ್ ಹಾಕಿಕೊಂಡು ಅರ್ಧ ಗಂಟೆ ಎದುರಿಗೆ ಕೂತರೆ ಸಾಕು, ಕಳ್ಳ ತಾನಾಗಿ ಸಿಕ್ಕಿಬೀಳುತ್ತಾನೆ.

ಮೆಷಿನ್ ಆಫ್ ಇದೆ, ಪ್ಲಗ್ಗೇ ಕಿತ್ತಿದೆ, ಆದರೂ ಕಾಗದ ಒದ್ದೆ. ಹಾಗಿದ್ದರೆ ಮೆಷಿನ್ನಿನ ಒಡಲಿನಲ್ಲಿ ಏನೂ ಆಗಿಲ್ಲ. ನಲ್ಲಿಯಿಂದ ಬರುವ ಪೈಪಿನ ಒಂದಲ್ಲ ಒಂದು ತುದಿಯಲ್ಲಿ ವಾಷರ್ ಸತ್ತಿದೆ. ನಲ್ಲಿ ಬಂದ್ ಮಾಡಿ, ಪೈಪ್ ಬಿಚ್ಚಿ, ಹಳೇ ವಾಷರನ್ನೇ ಜೇಬಿಗೆ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಚಹಾ ಕುಡಿದಷ್ಟು ದುಡ್ಡಿನಲ್ಲಿ ಕೆಲಸ ಮುಗಿಯಿತು. ಬೋರ್‌ವೆಲ್ ನೀರಿನ ಊರಿನವರಿಗೆ ಇಲ್ಲೊಂದು ಅನುಕೂಲವಿದೆ. ಗಡಸು ನೀರು ಸೋರಿದ ಕಡೆಯೆಲ್ಲ ಒಣಗಿ ಬಿಳಿ ಸುಣ್ಣದ ಗೆರೆ ಬಿಟ್ಟಿರುತ್ತದೆ. ಬ್ಯಾಟರಿ ಹಿಡಿದು ನೋಡಿದರೆ ಪೈಪಿನ ತಿರುಪಿನ ಮೇಲೆ ಬಿಳಿ ಗಡ್ಡ ಬಂದಿರುತ್ತದೆ. ಅದೇ ಸೋರುವ ಜಾಗ.

ನೀರು ತುಂಬುವಾಗಲೇ ಮೇಲಿನಿಂದ ಇಳಿದರೆ ಪೌಡರ್ ಹಾಕುವ ಟ್ರೇ ನೋಡಬೇಕು. ಕರಗದ ಪೌಡರ್ ಗಾರೆಯ ಹಾಗೆ ಕಟ್ಟಿಕೊಂಡು ನೀರಿನ ದಾರಿ ಮುಚ್ಚಿರುತ್ತದೆ. ಟ್ರೇ ಪೂರ್ತಿ ಹೊರಗೆ ಬರುತ್ತದೆ, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಉಜ್ಜಿ ತೊಳೆದರೆ ಸರಿ. ಇಲ್ಲಿ ಕಿರಾಣಿ ಅಂಗಡಿಯವರಿಗೂ ಒಂದು ಮಾತು. ಬಕೆಟ್ಟಿನಲ್ಲಿ ನೆನೆ ಹಾಕುವ ಪೌಡರ್ ನೊರೆ ಬರಲೆಂದೇ ಮಾಡಿದ್ದು. ಅದನ್ನೇ ಮುಂಬಾಗಿಲ ಮೆಷಿನ್ನಿಗೆ ಮುಷ್ಟಿ ಮುಷ್ಟಿ ಸುರಿದರೆ ಸ್ವಲ್ಪ ನೀರಿನಲ್ಲಿ ಉರುಳುವ ತೊಟ್ಟಿ ಬೆಟ್ಟದಷ್ಟು ನೊರೆ ಎಬ್ಬಿಸುತ್ತದೆ. ನೊರೆಗೆ ಜಾಗ ಸಾಲದೆ ಟ್ರೇಯಿಂದ, ಬಾಗಿಲಿನಿಂದ ಹೊರಗೆ ದಬ್ಬಿಕೊಂಡು ಬರುತ್ತದೆ. ಮನೆಯವರು ಮೆಷಿನ್ ಸೋರ್ತೈತಿ ಅಂತ ಬಾಯಿ ಬಡಿದುಕೊಳ್ಳುತ್ತಾರೆ. ಸೋರುತ್ತಿರುವುದು ಮೆಷಿನ್ನಲ್ಲ, ಪೌಡರಿನ ಪೊಟ್ಟಣ. ಗಿರಾಕಿ ‘ಮೆಷಿನ್ ಪೌಡರ್ ಕೊಡ್ರಿ’ ಅಂದಾಗ ‘ಬಾಗಿಲು ಮುಂದೈತೋ ಮೇಲೈತೋ’ ಎಂದು ಒಂದು ಮಾತು ಕೇಳಿ ಕೊಟ್ಟರೆ ಅಂಗಡಿಯವರ ಗಂಟೇನೂ ಹೋಗುವುದಿಲ್ಲ.

ನೀರು ಹೊರಗೆ ಬಿಡುವಾಗ, ಬಟ್ಟೆ ಹಿಂಡುವಾಗ ಮಾತ್ರ ಒದ್ದೆಯಾದರೆ ಕೊಳೆನೀರಿನ ದಾರಿಯಲ್ಲಿ ದೋಷ. ಮುಂಭಾಗದ ಕೆಳಮೂಲೆಯಲ್ಲಿ ಪುಟ್ಟ ಕದವೊಂದಿದೆ, ಅದರೊಳಗೆ ತಿರುಗಿಸಿ ತೆಗೆಯುವ ಫಿಲ್ಟರ್. ಮೆಷಿನ್ ತಂದು ಐದು ವರ್ಷವಾದರೂ ಆ ಕದ ತೆರೆಯದ ಮನೆಗಳಿವೆ. ಅಡಿಗೆ ತಟ್ಟೆ ಇಟ್ಟು, ಒಳಗಿನ ನೀರು ಬಿಸಿಯಿದ್ದರೆ ಆರಲು ಬಿಟ್ಟು, ನಿಧಾನ ತಿರುಗಿಸಿದರೆ ಮನೆಯ ಇತಿಹಾಸವೇ ಹೊರಗೆ ಬರುತ್ತದೆ. ಪಿನ್ನು, ಗುಂಡಿ, ಕೂದಲು, ಅಂಗಿ ಜೇಬಿನಲ್ಲಿ ಮರೆತ ಬಸ್ ಟಿಕೆಟ್ಟಿನ ಮುದ್ದೆ, ಕಂಡಕ್ಟರ್ ಕೊಟ್ಟ ಚಿಲ್ಲರೆ. ಚಿಲ್ಲರೆ ಇಲ್ಲ ಅಂತ ಬಸ್ಸಿನಲ್ಲಿ ದಿನಾ ಜಗಳವಾಡುವ ಊರಿನ ಚಿಲ್ಲರೆಯಲ್ಲಿ ಒಂದು ಪಾಲು ಈ ಫಿಲ್ಟರಿನಲ್ಲೇ ಇರಬೇಕು. ತೊಳೆದು ಮತ್ತೆ ಹಾಕುವಾಗ ತಿರುಪಿನಲ್ಲಿ ಒಂದು ಕೂದಲೆಳೆ ಉಳಿದರೂ, ಸೊಟ್ಟ ಕೂತರೂ ಅಲ್ಲಿಂದಲೇ ಸೋರುತ್ತದೆ. ನೆಟ್ಟಗೆ ಕೂರಿಸಿ ಬಿಗಿ ಮಾಡಬೇಕು.

ಇನ್ನು ಇಲಿ. ಮೆಷಿನ್ನಿನ ಅಡಿ ಬೆಚ್ಚಗೆ, ಕತ್ತಲೆ. ಇಲಿ ಮಹಾಶಯರಿಗೆ ಅದಕ್ಕಿಂತ ಒಳ್ಳೆಯ ಬಾಡಿಗೆ ಮನೆ ಬೇಕೇ? ಕೊಳೆನೀರಿನ ಪೈಪ್ ಕಡಿದು ತೂತು ಮಾಡುತ್ತವೆ, ವೈರನ್ನೂ ಬಿಡುವುದಿಲ್ಲ. ಪೈಪ್ ಬದಲಾಯಿಸುವುದು ದೊಡ್ಡ ಮಾತಲ್ಲ. ಅಡಿಗೆ ಜಾಲರಿ ಹಾಕಿಸದಿದ್ದರೆ ಮುಂದಿನ ತಿಂಗಳು ಮತ್ತೆ ಅದೇ ಗೋಳು.

ಈಗ ಬಾಗಿಲಿನ ರಬ್ಬರಿಗೆ ಬರೋಣ. ಬಟ್ಟೆ ಉರುಳುವಾಗ ಮುಂದಿನಿಂದ ಹನಿ ಬಿದ್ದರೆ ಅನುಮಾನ ಇದರ ಮೇಲೆ. ಆದರೂ ಹರಿದೇ ಹೋಗಿದೆ ಎಂದು ಮೊದಲೇ ತೀರ್ಮಾನ ಬೇಡ. ಗಾಜಿಗೂ ರಬ್ಬರಿಗೂ ನಡುವೆ ಪೈಜಾಮದ ಲಾಡಿಯೋ ಚಾದರದ ಅಂಚೋ ಸಿಕ್ಕಿಕೊಂಡಿರಬಹುದು. ಮಡಿಕೆಯೊಳಗೆ ಕೂದಲು, ನೂಲು, ಲೋಳೆ ಕೂತಿರಬಹುದು. ಒದ್ದೆ ಬಟ್ಟೆಯಲ್ಲಿ ಗಾಜನ್ನೂ ರಬ್ಬರನ್ನೂ ಒರೆಸಿದ ಮೇಲೆ ಸೋರಿಕೆ ನಿಂತದ್ದೂ ಉಂಟು. ನಿಲ್ಲದಿದ್ದರೆ ಮಡಿಕೆ ಬಿಡಿಸುತ್ತಾ ಬೆರಳಾಡಿಸಬೇಕು, ಕೆಳಗಿನ ಅರ್ಧವನ್ನು ಮುಖ್ಯವಾಗಿ. ನಾಣ್ಯ, ಹೇರ್‌ಪಿನ್ನು ಅಲ್ಲೇ ಹೋಗಿ ಕೂತು ಕೊಯ್ಯುವುದು. ತೀರಾ ಕೆಳಗೆ ಸಣ್ಣ ತೂತುಗಳಿರುತ್ತವೆ, ಅವು ನೀರು ಇಳಿಯಲೆಂದೇ ಬಿಟ್ಟವು. ಅವನ್ನೇ ಹರುಕು ಅಂದುಕೊಂಡು ಅಂಟು ಹಚ್ಚಿ ಮುಚ್ಚಿದ ಪುಣ್ಯಾತ್ಮರೂ ಇದ್ದಾರೆ.

ಹಳೇ ಪೇಟೆಯ ಪಾತ್ರೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಆದದ್ದೂ ಇದೇ ರಬ್ಬರಿನ ಪ್ರಕರಣ. ಬಂದ ಹುಡುಗ ಅರೆಬೆರಳು ಉದ್ದದ ಹರುಕು ತೋರಿಸಿ, ‘ಸಾವ್ಕಾರ್ರೆ, ರಬ್ಬರ್ ಬೆಂಗಳೂರಿಂದ ಬರ್ಬೇಕು, ಯಾವಾಗ ಬರ್ತೈತೋ ಹೇಳಕ್ಕಾಗಲ್ಲ. ಅದ್ರ ಬದ್ಲು ಎಕ್ಸ್‌ಚೇಂಜಿನಾಗೆ ಹೊಸಾದೇ ತಗಂಬಿಡ್ರಿ’ ಅಂದ. ಸಾಹುಕಾರರು ತಲೆಯಾಡಿಸುವಷ್ಟರಲ್ಲಿ ಒಳಗಿಂದ ಮನೆಯಾಕೆ, ‘ಏನ್ರೀ, ದಿನಾ ಬೆಳಗಾದ್ರೆ ಕುಕ್ಕರ್ ರಬ್ಬರ್ ಮಾರ್ತೀರಿ. ಇದೊಂದು ರಬ್ಬರ್ ನಿಮ್ ಕೈಲಿ ಆಗಂಗಿಲ್ಲೇನು?’ ಅಂದರು. ಹುಡುಗ ನಕ್ಕ. ಸಾಹುಕಾರರು ನಗಲಿಲ್ಲ.

ಸೈಕಲ್ ಪಂಕ್ಚರ್ ಅಂಗಡಿಯಿಂದ ಸಲ್ಯೂಷನ್ನು, ಟ್ಯೂಬಿನ ತುಂಡು ತಂದು ಹರುಕಿಗೆ ಒಣಗಿದ ಮೇಲೆ ತೇಪೆ ಹಾಕಿದರು. ಅದು ಸ್ವಲ್ಪ ದಿನ ತಡೆಯಿತು. ಮಡಿಕೆ ಬೀಳುವ ರಬ್ಬರಿನ ಮೇಲೆ ತೇಪೆ ನಿಲ್ಲುವುದಿಲ್ಲ, ಹೊಸದು ಬರುವವರೆಗಿನ ಉಪಾಯ ಅಷ್ಟೇ. ಅಷ್ಟರಲ್ಲಿ ಕೊರಿಯರಿನಲ್ಲಿ ರಬ್ಬರ್ ಬಂತು, ಬೆಲೆ 1,400 ರೂಪಾಯಿ. ಭಾನುವಾರ ಅಂಗಡಿ ಮುಚ್ಚಿ, ಕಾಲೇಜು ಓದುವ ತಂಗಿ ಮಗನನ್ನು ಜತೆಗೆ ಕೂರಿಸಿಕೊಂಡರು. ಪ್ಲಗ್ ಕಿತ್ತರು, ನಲ್ಲಿ ಬಂದ್ ಮಾಡಿದರು, ಫಿಲ್ಟರಿನಿಂದ ಒಳಗಿನ ನೀರು ಇಳಿಸಿದರು. ಒಂದೊಂದು ಬಿಚ್ಚುವ ಮುಂಚೆ ಹುಡುಗ ಮೊಬೈಲಿನಲ್ಲಿ ಫೋಟೋ ತೆಗೆದ. ಇದು ಬುದ್ಧಿವಂತಿಕೆ. ಬಿಚ್ಚಿದ ಎರಡು ಗಂಟೆಯ ಮೇಲೆ ಯಾವ ಸ್ಕ್ರೂ ಯಾವ ತೂತಿನದು ಎಂದು ಬ್ರಹ್ಮನಿಗೂ ನೆನಪಿರುವುದಿಲ್ಲ.

ಹೊರ ಅಂಚಿನ ರಬ್ಬರನ್ನು ಹಿಡಿದಿರುವುದು ಒಂದು ತಂತಿ ಬಳೆ, ಅದರ ಕೆಳಗೆ ಸಣ್ಣ ಸ್ಪ್ರಿಂಗು. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಎಬ್ಬಿಸಿದರೆ ಕಳಚುತ್ತದೆ. ಒಳ ಅಂಚಿಗೆ ಇನ್ನೊಂದು ಬಳೆ. ಕೆಲವು ಮಾದರಿಗಳಲ್ಲಿ ಅದಕ್ಕೆ ಬಾಗಿಲಿನಿಂದಲೇ ಕೈ ಹೋಗುತ್ತದೆ, ಕೆಲವಕ್ಕೆ ಮೇಲಿನ ಮುಚ್ಚಳ, ಮುಂದಿನ ತಗಡು ಎರಡನ್ನೂ ತೆಗೆಯಬೇಕು. ತಗಡು ಎಳೆಯುವಾಗ ಬಾಗಿಲ ಬೀಗದ ವೈರ್ ಕಿತ್ತುಬರದ ಹಾಗೆ ನೋಡಿಕೊಳ್ಳಬೇಕು. ಹೊಸ ರಬ್ಬರಿನ ಮೇಲೆ ಒಂದು ಗುರುತಿರುತ್ತದೆ, ಅದು ತೊಟ್ಟಿಯ ಮೇಲಿನ ಗುರುತಿಗೆ ನೇರ ಕೂರಬೇಕು, ನೀರಿಳಿಯುವ ತೂತು ಕೆಳಕ್ಕೇ ಬರಬೇಕು. ಅಂಚಿಗೆ ಸೋಪಿನ ನೀರು ಸವರಿದರೆ ಜಾರಿಕೊಂಡು ಕೂರುತ್ತದೆ. ಮೊದಲು ಒಳಗಿನ ಅಂಚು, ಆಮೇಲೆ ಹೊರಗಿನದು.

ಹೇಳಿದಷ್ಟು ಸಲೀಸಲ್ಲ. ಸ್ಪ್ರಿಂಗ್ ಎಳೆದು ಕೂರಿಸುವುದೇ ದೊಡ್ಡ ಕುಸ್ತಿ, ಎರಡು ಜೊತೆ ಕೈ ಬೇಕು. ಸಾಹುಕಾರರ ಕೈಯಿಂದ ಅದು ಎರಡು ಸಲ ಚಿಮ್ಮಿತು. ಎರಡನೇ ಸಲ ಮಂಚದ ಅಡಿ ಸಿಕ್ಕಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುತ್ತೆ ಅಂದದ್ದು ಸಂಜೆ ಚಹಾಕ್ಕೆ ಮುಗಿಯಿತು. ಖಾಲಿ ಮೆಷಿನ್ ಓಡಿಸಿ ಕಾಗದ ನೋಡಿದರು. ಒಣಗಿತ್ತು.

ಇಷ್ಟು ಓದಿ ಉಮೇದಿನಲ್ಲಿ ಸ್ಕ್ರೂಡ್ರೈವರ್ ಹಿಡಿದವರು ಸ್ವಲ್ಪ ತಡೆಯಬೇಕು. ನೀರು ಮತ್ತು ಕರೆಂಟು ಸೇರಿದ ಕಡೆ ಧೈರ್ಯ ಬೇರೆ, ಹುಂಬತನ ಬೇರೆ. ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳದೆ ಒಂದು ಸ್ಕ್ರೂ ಸಹ ಮುಟ್ಟಬಾರದು. ಸ್ವಿಚ್ ಆಫ್ ಮಾಡಿದರೆ ಸಾಲದು. ಸೋರುವ ಮೆಷಿನ್ನನ್ನು ನಾಳೆ ನೋಡೋಣ ಎಂದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಓಡಿಸುವುದು ಅದಕ್ಕಿಂತ ಅಪಾಯ. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೇ ತೂತಿಗೆ ಅರ್ಥಿಂಗ್ ವೈರೇ ಇರುವುದಿಲ್ಲ. ಮುಟ್ಟಿದರೆ ಜುಂ ಅನ್ನುವ ಮೆಷಿನ್ ಇದ್ದವರು ಸೋರಿಕೆ ಬಿಟ್ಟು ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಯಬೇಕು. ಮೋಟರ್, ಎಲೆಕ್ಟ್ರಾನಿಕ್ ಬೋರ್ಡು ಮನೆಯವರ ಕೆಲಸವಲ್ಲ. ಹಿಂಡುವಾಗ ಹಿಟ್ಟಿನ ಗಿರಣಿಯ ಹಾಗೆ ಸದ್ದು ಬಂದು, ಹಿಂಭಾಗದ ನಡುವಿನಿಂದ ತುಕ್ಕಿನ ಬಣ್ಣದ ನೀರು ಇಳಿದರೆ ಒಳಗಿನ ಸೀಲು, ಬೇರಿಂಗ್ ಹೋಗಿದೆ ಎಂದು ಅರ್ಥ. ಅದಕ್ಕೆ ಮೆಷಿನ್ ಪೂರ್ತಿ ಬಿಚ್ಚಬೇಕು, ಪಳಗಿದ ಮೆಕ್ಯಾನಿಕ್ಕೇ ಬೇಕು, ಅವನಿಗೆ ಕೂಲಿಯನ್ನೂ ಮರ್ಯಾದೆಯಿಂದ ಕೊಡಬೇಕು. ವಾರಂಟಿ ಇನ್ನೂ ಇದ್ದರೆ ಬಿಚ್ಚುವ ಮಾತೇ ಬೇಡ, ಕಂಪನಿಯವರೇ ಬಂದು ಮಾಡಲಿ.

ಬಂದ ಹುಡುಗರ ಮೇಲೆ ಯಾರೂ ಸಿಟ್ಟು ಮಾಡಬೇಕಿಲ್ಲ. ಅವರೂ ದಿನಕ್ಕೆ ಇಷ್ಟು ಮನೆ ಎಂದು ಓಡುವವರು. ತಕರಾರು ಮೇಲಿನವರ ಮೇಲೆ. ಮೆಷಿನ್ ಮಾರುವಾಗ ಶೋರೂಮಿನಲ್ಲಿ ಹಾರ ಹಾಕದ್ದೊಂದು ಬಾಕಿ. ಮೋಟರಿಗೆ ಹತ್ತು ವರ್ಷ ಗ್ಯಾರಂಟಿ ಎಂದು ಆನೆ ಗಾತ್ರದ ಅಕ್ಷರ. ಮೋಟರ್ ಸೋರುತ್ತದೆಯೇ ಸ್ವಾಮಿ? ಸೋರುವುದು ರಬ್ಬರ್. ಅದರ ಮಾತೆತ್ತಿದರೆ ಮಾತ್ರ ‘ಸ್ಟಾಕ್ ಇಲ್ಲ’.

ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ಜಾರಿಗೆ ಬಂದ ನಿಯಮ ನೋಡಿದರೆ ಇಲ್ಲಿಯವರಿಗೆ ಹೊಟ್ಟೆಕಿಚ್ಚಾದೀತು. ಬಟ್ಟೆ ಒಗೆಯುವ ಮೆಷಿನ್ನಿನ ಬಾಗಿಲು, ಬಾಗಿಲಿನ ರಬ್ಬರ್, ಪೌಡರ್ ಟ್ರೇ ಇಂಥವನ್ನು ಕಂಪನಿಗಳು ಮೆಕ್ಯಾನಿಕ್ಕುಗಳಿಗೆ ಮಾತ್ರವಲ್ಲ, ಕೇಳಿದ ಯಾವ ಗಿರಾಕಿಗಾದರೂ ಮಾರಲೇಬೇಕು. ಆ ಮಾದರಿಯ ಕೊನೆಯ ಮೆಷಿನ್ ಮಾರುಕಟ್ಟೆಗೆ ಬಂದ ಮೇಲೂ 10 ವರ್ಷ ಸಿಗುವಂತಿರಬೇಕು, ಆರ್ಡರ್ ಕೊಟ್ಟ 15 ಕೆಲಸದ ದಿನಗಳೊಳಗೆ ತಲುಪಿಸಬೇಕು. ಇಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ನ ಬಗ್ಗೆ 2022ರ ಜುಲೈಯಲ್ಲಿ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಪೋರ್ಟಲ್ ಒಂದನ್ನು ತೆರೆಯಿತು. ರೈತರ ಯಂತ್ರ, ಮೊಬೈಲು, ವಾಹನಗಳ ಜತೆ ಮನೆಬಳಕೆಯ ಯಂತ್ರಗಳೂ ಅದರಲ್ಲಿ ಸೇರಿವೆ. ಒಳ್ಳೆಯದೇ. ಆದರೆ ಪೋರ್ಟಲ್ ತೆರೆಯುವುದು ಬೇರೆ, ಪೇಟೆಯ ಕೌಂಟರಿನಲ್ಲಿ ರಬ್ಬರ್ ಸಿಗುವುದು ಬೇರೆ. ಬಿಡಿಭಾಗ ಕೊಡದೆ ಹೊಸ ಮೆಷಿನ್ ಕಡೆಗೆ ದಬ್ಬುವ ಕಂಪನಿಗಳ ಮೇಲೆ ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಎಷ್ಟು ಜನ ಆ ನಾಲ್ಕು ಅಂಕಿ ಒತ್ತಿದ್ದಾರೆ?

ಈ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯವರೂ ಯೋಚನೆ ಮಾಡಬೇಕಾದ ವಿಷಯ ಇದು. ಮಿಕ್ಸಿ ಜಾರಿನ ಬ್ಲೇಡು, ಫ್ಯಾನಿನ ಕೆಪಾಸಿಟರ್, ಪಂಪ್‌ಸೆಟ್ಟಿನ ವಾಷರ್ ಎಲ್ಲ ಬಾಗಿಲಲ್ಲೇ ನೇತಾಡುತ್ತವೆ. ಮುಂಬಾಗಿಲ ಮೆಷಿನ್ನಿನ ರಬ್ಬರ್ ಕೇಳಿದರೆ ‘ಯಾರೂ ಕೇಳಲ್ಲ, ಅದಕ್ಕೆ ಇಡಲ್ಲ’ ಎಂಬ ಉತ್ತರ. ಇಡುವುದಿಲ್ಲ, ಅದಕ್ಕೇ ಯಾರೂ ಕೇಳುವುದಿಲ್ಲ ಎಂದೂ ಅದನ್ನು ತಿರುಗಿಸಬಹುದು. ಹೆಚ್ಚು ಮಾರಾಟವಾಗುವ ನಾಲ್ಕಾರು ಮಾದರಿಯದ್ದನ್ನಾದರೂ ತರಿಸಿಟ್ಟರೆ ಕುಕ್ಕರ್ ರಬ್ಬರಿಗಿಂತ ಇದರಲ್ಲಿ ಲಾಭ ಜಾಸ್ತಿಯೇ.

ಅಲ್ಲಿಯವರೆಗೆ ರಬ್ಬರ್ ತರಿಸುವವರು ಬಾಗಿಲಿನ ಒಳಅಂಚಿನಲ್ಲೋ ಮೆಷಿನ್ನಿನ ಹಿಂದೆಯೋ ಅಂಟಿಸಿರುವ ಚೀಟಿಯ ಮೇಲಿನ ಮಾದರಿ ನಂಬರನ್ನು ಪೂರ್ತಿ ಬರೆದುಕೊಳ್ಳಬೇಕು, ಫೋಟೋ ಹೊಡೆದುಕೊಂಡರೆ ಇನ್ನೂ ಮೇಲು. ‘ಏಳು ಕೆ.ಜಿ. ಮೆಷಿನ್ನಿಂದು ಕೊಡ್ರಿ’ ಅಂದರೆ ಆಗುವುದಿಲ್ಲ. ಒಂದೇ ಕಂಪನಿಯ ಏಳು ಕೆ.ಜಿ. ಮೆಷಿನ್ನಿನಲ್ಲೂ ರಬ್ಬರ್ ಬೇರೆ ಬೇರೆ ಇರುತ್ತದೆ. ಹಳೇ ರಬ್ಬರನ್ನು ಹೊಸದು ಕೂತು ಒಂದು ವಾರ ಕಳೆಯುವ ತನಕ ಎಸೆಯಬಾರದು.